ನನ್ನ ಕಾರ್ಡಿನ ಮೇಲೆ ಅಳೆದ ಸೊಸೆಯ ಪಾದ

ನಾನು ನೊಂಬೆಕೊ ಮಕಿನಾನ, ದಿವಂಗತ ಸೊನ್ವಾಬೊ ಮಕಿನಾನ ಅವರ ಪತ್ನಿ, ವಯಸ್ಸು ಅರವತ್ತೆಂಟು, ಹೆಣ್ಣುಮಕ್ಕಳ ಶಾಲಾ ಹಾಸ್ಟೆಲಿನ ನಿವೃತ್ತ ಮೇಲ್ವಿಚಾರಕಿ, ವಾಸ ಗೆಬೆರ್ಹಾ ನಗರದ ಕ್ವಾಜಾಖೆಲೆ, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮನೆ ಸಂಖ್ಯೆ 1147. ಈ ಬರಹದಿಂದ ಠಾಣೆಗೆ ತಿಳಿಯಪಡಿಸುವುದು ಏನೆಂದರೆ:

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಠಾಣೆಗೆ ಬಂದು ಸಾರ್ಜೆಂಟ್ ಮಬೋಜಾ ಅವರ ಮುಂದೆ ಕುಳಿತು ವಿಷಯ ಹೇಳತೊಡಗಿದೆ. ಅವರು ಬರೆದುಕೊಂಡ ಮೊದಲ ಸಾಲು, ನನ್ನ ಸೊಸೆ ನನ್ನ ವಿಮೆ ಕಾರ್ಡನ್ನು ಕದ್ದು ಬಳಸಿದಳು ಎಂದಿತ್ತು. ಕದ್ದಳು ಎಂಬ ಮಾತನ್ನು ನಾನು ಆಡಿರಲಿಲ್ಲ. ಆ ಹಾಳೆಯನ್ನು ಹರಿಯಬೇಕೆಂದು ಕೇಳಿದೆ. ಅವರು ಹರಿದರು. ಪೆನ್ನು ಕೇಳಿದೆ, ಕೊಟ್ಟರು. ನಾನು ಹೈಸ್ಕೂಲು ಪೂರೈಸಿದವಳು. ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವರದಿ ಬರೆದಿದ್ದೇನೆ. ಆದ್ದರಿಂದ ಈ ಹೇಳಿಕೆ ನನ್ನ ಕೈಬರಹದಲ್ಲೇ ಇದೆ.

ನನಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಎರಡೂ ಪಾದಗಳಲ್ಲಿ ಸ್ಪರ್ಶ ಕಡಿಮೆ. ನನ್ನ ಯಜಮಾನರು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 2024ರ ಮಾರ್ಚ್ 9ರಂದು ತೀರಿಕೊಂಡರು. ಅವರ ಕೆಲಸದಿಂದ ಬಂದ ವೈದ್ಯಕೀಯ ವಿಮೆ ನನಗೆ ಮುಂದುವರಿದಿದೆ. ನನ್ನ ಸಕ್ಕರೆಯ ಔಷಧಿ ಅದರಿಂದಲೇ ಬರುತ್ತದೆ. ಕಾರ್ಡಿನಲ್ಲಿ ಮುಖ್ಯ ಸದಸ್ಯರು ಎಂದು ಇವತ್ತಿಗೂ ಅವರ ಹೆಸರು, ಅದರ ಕೆಳಗೆ ನನ್ನ ಹೆಸರು. ಕಾರ್ಡು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಪಕ್ಕ ಇರುತ್ತದೆ. ನನ್ನ ಮನೆಯಲ್ಲಿ ಡ್ರಾಯರಿಗೆ ಬೀಗ ಹಾಕುವ ಪದ್ಧತಿ ಇಲ್ಲ.

ಮನೆಯಲ್ಲಿ ನನ್ನ ಮಗ ಲುಯಾಂಡಾ, ಅವನ ಹೆಂಡತಿ ಲಿಂಡೆಲ್ವಾ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ಲಿಂಡೆಲ್ವಾಳಿಗೆ ಮೂವತ್ತೊಂದು ವರ್ಷ. ಬೇಕರಿಯಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಾಳೆ. ಮೊದಲು ಐದು ದಿನ ಇತ್ತು. ಒಂಬತ್ತು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದವಳು ಇದುವರೆಗೆ ನನಗೆ ಎದುರು ಮಾತನಾಡಿಲ್ಲ.

2025ರ ಫೆಬ್ರವರಿ 13, ಗುರುವಾರ, ನಮ್ಮ ಚರ್ಚಿನ ಮಹಿಳಾ ಸಂಘದ ಪ್ರಾರ್ಥನೆಯಿತ್ತು. ನಾನು ಆ ಸಂಘದ ಅಧ್ಯಕ್ಷೆ. ಪ್ರಾರ್ಥನೆಗೆ ಮೊದಲು ಸಿವಿವೆ ಡ್ಯಾನಿ ಎಂಬುವನು ನನ್ನ ಹತ್ತಿರ ಬಂದ. ಇವನು ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬೆಳೆದವನು. ಇವನ ತಾಯಿ ಸಾಯುವವರೆಗೂ ನಮ್ಮ ಸಂಘದಲ್ಲಿದ್ದಳು. ಪಾದದ ಚಿಕಿತ್ಸೆ ಓದಿ, ಪೇಟೆಯಲ್ಲಿ ಕೋಳಿ ಹೋಟೆಲಿನ ಮೇಲಿನ ಮಹಡಿಯಲ್ಲಿ ‘ಹಗುರ ಹೆಜ್ಜೆ’ ಎಂಬ ಚಿಕಿತ್ಸಾಲಯ ಇಟ್ಟಿದ್ದಾನೆ. ಎಲ್ಲರೂ ಡಾಕ್ಟರ್ ಎನ್ನುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರ ಮುಂದೆ ಮಾತನಾಡಲು ಐದು ನಿಮಿಷ ಬೇಕೆಂದ. ಏತಕ್ಕೆ ಎಂದು ಕೇಳಿದೆ. ವಿಮೆಯಲ್ಲಿ ಪಾದಕ್ಕೆಂದು ಪ್ರತಿ ವರ್ಷ ಒಂದು ಮೊತ್ತ ಇಟ್ಟಿರುತ್ತಾರೆ, ನಮ್ಮವರು ಅದನ್ನು ಬಳಸದೆ ಬಿಡುತ್ತಾರೆ ಎಂದ.

‘ವರ್ಷ ಮುಗಿದ್ರೆ ಅದು ವಿಮೆಯವ್ರ ಹೊಟ್ಟೆಗೆ ಹೋಗುತ್ತೆ ಅಮ್ಮಾ,’ ಎಂದ.

‘ಅವ್ರ ಹೊಟ್ಟೆಗೆ ಹೋದ್ರೆ ನಿಂಗೇನಪ್ಪಾ ಹೊಟ್ಟೆನೋವು?’ ಎಂದು ಕೇಳಿದೆ.

ಅವನು ನಕ್ಕ. ನಾನು ನಗಲಿಲ್ಲ. ಚರ್ಚಿನೊಳಗೆ ರಿಯಾಯಿತಿ ಮಾರುವುದಕ್ಕೆ ನಾನು ಅಧ್ಯಕ್ಷೆಯಾಗಿರುವವರೆಗೆ ಅವಕಾಶವಿಲ್ಲ ಎಂದೆ. ಅವನು ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು, ಹೊರಬಂದ ಪ್ರತಿಯೊಬ್ಬರಿಗೂ ಒಂದು ಹಸಿರು ಚೀಟಿ ಕೊಟ್ಟ. ರಸ್ತೆ ನನ್ನದಲ್ಲ. ಚೀಟಿಯಲ್ಲಿ ಹೀಗಿತ್ತು: ವಿಮೆ ಕಾರ್ಡು ಇದ್ದವರಿಗೆ ತಪಾಸಣೆ, ಶೂವಿನೊಳಗೆ ಹಾಕುವ ಮೆತ್ತೆ, ಮೆತ್ತನೆಯ ಶೂ, ಯಾವುದಕ್ಕೂ ಕೈಯಿಂದ ಕೊಡಬೇಕಿಲ್ಲ. ಜೊತೆಗೆ ಮುನ್ನೂರು ರ‍್ಯಾಂಡಿನ ದಿನಸಿ ಕೂಪನ್ನು ಉಡುಗೊರೆ. ವಯಸ್ಸಾದವರ ಪರವಾಗಿ ಮನೆಯವರು ಬಂದರೂ ಆಯಿತು. ಈ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಪಾದವಿಲ್ಲದೆ ಪಾದದ ತಪಾಸಣೆ ಹೇಗೆ ಎಂದು ಪಕ್ಕದವರಿಗೆ ಹೇಳಿದ್ದು ನೆನಪಿದೆ. ನನ್ನ ಚೀಟಿಯನ್ನು ಮನೆಗೆ ತಂದು ಅಡುಗೆಮನೆಯಲ್ಲಿ ಎಸೆದೆ. ಆಗ ಲಿಂಡೆಲ್ವಾ ಅಲ್ಲಿ ಪಾತ್ರೆ ಒರೆಸುತ್ತಿದ್ದಳು.

ಮಾರ್ಚ್ 8, ಶನಿವಾರ, ನನ್ನ ಯಜಮಾನರಿಗಾಗಿ ನಾನು ಒಂದು ವರ್ಷ ಉಟ್ಟಿದ್ದ ಶೋಕದ ಕಪ್ಪು ಬಟ್ಟೆ ಬಿಚ್ಚಿದ ದಿನ. ಹಿತ್ತಿಲಿನಲ್ಲಿ ಹಿರಿಯ ಹೆಂಗಸರು ಅದನ್ನು ಸುಟ್ಟರು. ಆ ದಿನ ವಿಧವೆಗೆ ಅಡಿಯಿಂದ ಮುಡಿಯವರೆಗೆ ಹೊಸದನ್ನು ಕೊಡುವುದು ಕುಟುಂಬದವರ ಕೆಲಸ. ನನ್ನ ತಂಗಿಯರು ಉಡುಗೆ ತಂದರು. ಯಜಮಾನರ ತಮ್ಮ ಫಕಾಮಿಲೆ ಶಾಲು ತಂದ. ಸೊಸೆಯ ಪಾಲಿಗೆ ಶೂ ಬಂದಿತ್ತು. ಅವಳು ಎಲ್ಲರ ಮುಂದೆ ಮಂಡಿಯೂರಿ, ಮೆತ್ತನೆಯ ಕಪ್ಪು ಶೂಗಳನ್ನು ನನ್ನ ಕಾಲಿಗೆ ತೊಡಿಸಿದಳು. ಒಳ್ಳೆಯ ಶೂಗಳು. ತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿಂದ ತಂದೆ ಎಂದು ಕೇಳಿದೆ. ಪೇಟೆಯಿಂದ ಎಂದಳು. ಡಬ್ಬವಾಗಲಿ ಅಂಗಡಿಯ ಚೀಲವಾಗಲಿ ಇರಲಿಲ್ಲ. ಬೆಲೆ ತೋರಿಸಬಾರದೆಂಬ ಸಂಕೋಚ ಎಂದುಕೊಂಡೆ. ಮೂರು ದಿನದ ಸಂಬಳದಲ್ಲಿ ನನ್ನ ಸೊಸೆ ಇಂಥದ್ದನ್ನು ತಂದಳು ಎಂದು ಮುಂದಿನ ಗುರುವಾರ ಸಂಘದಲ್ಲಿ ಹೇಳಿದೆ. ಅಂದಿನಿಂದ ಪ್ರತಿ ಗುರುವಾರ ಮತ್ತು ಭಾನುವಾರ ಅವೇ ಶೂಗಳನ್ನು ಹಾಕಿದ್ದೇನೆ.

ಮೇ 11, ಭಾನುವಾರ, ಚರ್ಚಿನಿಂದ ಬಂದು ಕಾಲುಚೀಲ ಬಿಚ್ಚುವಾಗ ಎಡಗಾಲಿನ ಕಿರುಬೆರಳ ಬದಿಯಲ್ಲಿ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ನೋವಿರಲಿಲ್ಲ. ಎಳೆದಾಗ ಹುಣ್ಣು ಕಂಡಿತು. ಒಂದು ಬಟಾಣಿಯಷ್ಟು, ಅಂಚು ಬಿಳಿ. ಲಿಂಡೆಲ್ವಾಳನ್ನು ಕರೆದು ಬಿಸಿನೀರು ಕೇಳಿದೆ. ಅವಳು ನೀರು ತಂದಳು, ಹುಣ್ಣು ನೋಡಿದಳು, ನೋಡಿದವಳೇ ಆ ಶೂ ಇನ್ನು ಹಾಕಬೇಡಿ ಅಮ್ಮಾ ಎಂದಳು. ನಾನು ಶೂಗಳ ಮಾತನ್ನೇ ಎತ್ತಿರಲಿಲ್ಲ. ಅವು ಹೊರಗೆ ಬಾಗಿಲ ಬಳಿ ಇದ್ದವು. ಇದನ್ನು ಅಂದು ಗಮನಿಸಿದೆ.

ಮೇ 12, ಸೋಮವಾರ, ಆಸ್ಪತ್ರೆಯಲ್ಲಿ ಗಾಯ ಕಟ್ಟುವ ನರ್ಸ್ ಸಿಸ್ಟರ್ ಕೊಂಡ್ಲೊ ಅವರ ಬಳಿ ಹೋದೆ. ಯಾವ ಶೂ ಹಾಕುತ್ತೀರಿ ಎಂದು ಕೇಳಿದರು. ತಂದಿದ್ದೆ, ತೋರಿಸಿದೆ. ಅವರು ಶೂವಿನೊಳಗೆ ಕೈ ಹಾಕಿ ಒಳಗಿದ್ದ ಮೆತ್ತೆಯನ್ನು ಎಳೆದು ತೆಗೆದು, ನನ್ನ ಪಾದದ ಪಕ್ಕದಲ್ಲಿ ನೆಲದ ಮೇಲೆ ಇಟ್ಟರು. ಇಬ್ಬರೂ ನೋಡಿದೆವು. ಉದ್ದ ಒಂದೇ. ಆದರೆ ನನ್ನ ಪಾದ ಚಪ್ಪಟೆ ಮತ್ತು ಅಗಲ, ಹಾಸ್ಟೆಲಿನ ಸಿಮೆಂಟು ನೆಲದ ಮೇಲೆ ನಿಂತು ನಿಂತು ಆದದ್ದು. ಮೆತ್ತೆಯ ನಡುಭಾಗ ಎತ್ತರವಾಗಿ ಕಮಾನಿನಂತಿತ್ತು, ಅಗಲ ಕಡಿಮೆ.

‘ಇದು ಯಾರದೋ ಪಾದದ ಅಚ್ಚು ತೆಗೆದು ಮಾಡಿದ್ದು. ನಿಮ್ಮದಲ್ಲ. ಯಾರದಮ್ಮಾ ಇದು?’ ಎಂದು ಸಿಸ್ಟರ್ ಕೇಳಿದರು.

ಸ್ಪರ್ಶವಿಲ್ಲದ ಪಾದ ಎರಡು ತಿಂಗಳು ಬೇರೆಯವರ ಅಚ್ಚಿನ ಮೇಲೆ ಉಜ್ಜಿದೆ, ಹುಣ್ಣು ಆಳಕ್ಕೆ ಇಳಿಯುತ್ತಿದೆ ಎಂದು ಅವರು ವಿವರಿಸಿದರು. ತಡಮಾಡದೆ ಪಾದದ ತಜ್ಞರು ನೋಡಬೇಕು, ಭಾರ ಬೀಳದ ಹಾಗೆ ವಿಶೇಷ ಬೂಟು ಹಾಕಿಸಬೇಕು, ಇಲ್ಲವಾದರೆ ಬೆರಳು ಉಳಿಯುವುದಿಲ್ಲ, ಬೆರಳಿಗೇ ನಿಲ್ಲುತ್ತದೆ ಎಂದೂ ಹೇಳಲಾರೆ ಎಂದರು. ಅಲ್ಲಿಂದಲೇ ವಿಮೆಯವರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

ಫೋನಿನಲ್ಲಿದ್ದ ಹೆಂಗಸು, ಪಾದಕ್ಕೆಂದು ಈ ವರ್ಷ ಇದ್ದದ್ದೆಲ್ಲ ಮುಗಿದಿದೆ ಎಂದಳು. ಅಚ್ಚು ತೆಗೆದು ಮಾಡಿದ ಮೆತ್ತೆ ಮತ್ತು ಹನ್ನೊಂದು ಸಲದ ಚಿಕಿತ್ಸೆಗೆ ಹಗುರ ಹೆಜ್ಜೆಗೆ ಹಣ ಸಂದಾಯವಾಗಿದೆಯಂತೆ. ನಾನು ಆ ಮೆಟ್ಟಿಲನ್ನೇ ಹತ್ತಿಲ್ಲ ಎಂದೆ. ಕೊನೆಯ ಭೇಟಿ ಏಪ್ರಿಲ್ 18 ಎಂದಳು. ಅದು ಶುಭ ಶುಕ್ರವಾರ. ಆ ದಿನ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ನಾನು ಚರ್ಚಿನಲ್ಲಿ ಇಡೀ ಸಭೆಯ ಮುಂದೆ ನಿಂತು ಪ್ರಾರ್ಥನೆ ನಡೆಸಿದ್ದೇನೆ. ಊರಿಗೆ ಊರೇ ಸಾಕ್ಷಿ. ಹೀಗೆಂದಾಗ ಅವಳ ದನಿ ಬದಲಾಯಿತು. ಹಾಗಿದ್ದರೆ ತನಿಖೆಯಾಗಬೇಕು, ಸದಸ್ಯರು ಕಾರ್ಡನ್ನು ಬೇರೆಯವರಿಗೆ ಕೊಟ್ಟದ್ದು ಎಂದಾದರೆ ಸದಸ್ಯತ್ವ ರದ್ದು, ಆ ಭೇಟಿಗಳು ನಿಮ್ಮದಲ್ಲ ಎನ್ನುವುದಾದರೆ ಪೊಲೀಸರ ಮುಂದೆ ಪ್ರಮಾಣ ಮಾಡಿದ ಹೇಳಿಕೆ ತನ್ನಿ, ಅದು ಬರುವವರೆಗೆ ಏನನ್ನೂ ಮಂಜೂರು ಮಾಡಲಾಗದು ಎಂದಳು. ಅರವತ್ತೆಂಟು ವರ್ಷದಲ್ಲಿ ನನ್ನನ್ನು ಮೊದಲ ಬಾರಿಗೆ ಒಬ್ಬರು ಕಳ್ಳಿಯೊಂದಿಗೆ ಮಾತನಾಡುವ ದನಿಯಲ್ಲಿ ಮಾತನಾಡಿಸಿದರು.

ಮುಂದಿನ ಎರಡು ದಿನ ನಾನು ಮನೆಯಲ್ಲಿ ಎಲ್ಲರನ್ನೂ ನೋಡಿದೆ. ಹಿತ್ತಿಲ ಕೋಣೆಯಲ್ಲಿ ಒಬ್ಬ ಕ್ಷೌರಿಕ ಬಾಡಿಗೆಗೆ ಇದ್ದಾನೆ. ಅವನಿಗೆ ಅಡುಗೆಮನೆಗೆ ಬರುವ ದಾರಿಯಿಲ್ಲ. ಫಕಾಮಿಲೆ ಬಂದಾಗಲೆಲ್ಲ ಚಮಚ ಹುಡುಕುವ ನೆಪದಲ್ಲಿ ಡ್ರಾಯರು ತೆಗೆಯುತ್ತಾನೆ, ಆದರೆ ಅವನ ಪಾದ ದೋಣಿಯ ಹಾಗಿದೆ. ಮೊಮ್ಮಕ್ಕಳ ಪಾದ ಚಿಕ್ಕದು. ಲಿಂಡೆಲ್ವಾ ಸ್ನಾನ ಮಾಡಿ ಬರುವಾಗ ಅಡುಗೆಮನೆಯ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ. ಮೇ 13ರ ಬೆಳಿಗ್ಗೆ ಅದನ್ನು ನೋಡಿದೆ. ಹಿಮ್ಮಡಿ ಮತ್ತು ಬೆರಳುಗಳ ನಡುವೆ ನೆಲ ಒಣಗಿಯೇ ಇತ್ತು. ಅಷ್ಟಕ್ಕೇ ಒಬ್ಬರನ್ನು ದೂರುವುದು ಸರಿಯಲ್ಲ ಎಂದು ಸುಮ್ಮನಾದೆ.

ಮೇ 14, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ನಾನೊಬ್ಬಳೇ ವ್ಯಾನು ಹಿಡಿದು ಹಗುರ ಹೆಜ್ಜೆಗೆ ಹೋದೆ. ಸಿವಿವೆ ಅಲ್ಲಿರಲಿಲ್ಲ. ಮುಂದಿನ ಮೇಜಿನಲ್ಲಿ ರೋವೀನಾ ಪ್ಲಾಯ್ಕೀಸ್ ಎಂಬ ಹುಡುಗಿ ಇದ್ದಳು. ಪೇಟೆಯ ಆಚೆ ಬದಿಯವಳು, ನಮ್ಮ ಜನದವಳಲ್ಲ, ಆಫ್ರಿಕಾನ್ಸ್ ಮನೆಮಾತು. ನಗುಮುಖ, ಮಾತು ಜಾಸ್ತಿ. ನಾನು ತವರಿನ ಹೆಸರು ಹೇಳಿದೆ. ಹಸಿರು ಚೀಟಿಯ ಬಗ್ಗೆ ಕೇಳಲು ಬಂದಿದ್ದೇನೆ, ಕ್ವಾಜಾಖೆಲೆಯ ಮಕಿನಾನ ಮನೆಯವರು ಇಲ್ಲಿ ಶೂ ಮಾಡಿಸಿದರಂತೆ ಎಂದೆ. ಅವಳಿಗೆ ಕೂಡಲೇ ನೆನಪಾಯಿತು. ಅವಳು ಆ ಕೆಲಸಕ್ಕೆ ಸೇರಿದ ಮೊದಲ ವಾರವಂತೆ ಅದು. ಮಿಸೆಸ್ ಮಕಿನಾನ ಎಂದರೆ ಎಷ್ಟು ವಯಸ್ಸಿನವರು ಎಂದು ಕೇಳಿದೆ. ಹೆಚ್ಚುಕಡಿಮೆ ತನ್ನ ವಯಸ್ಸಿನವರೇ ಎಂದಳು. ಅವಳಿಗೆ ಮೂವತ್ತು ದಾಟಿರಲಾರದು. ಮುಂದೆ ಅವಳಾಡಿದ ಮಾತನ್ನು ಅವಳಾಡಿದ ಹಾಗೆಯೇ ಬರೆಯುತ್ತೇನೆ. ಇಡೀ ಹೇಳಿಕೆಯಲ್ಲಿ ಮುಖ್ಯವಾದದ್ದು ಇದು.

‘ಏನ್ ನಾಚಿಕೆ ಆಂಟಿ ಅವರದ್ದು! ಮುಖ್ಯ ಸದಸ್ಯರ ಹೆಸರೇನು ಅಂತ ಕೇಳಿದ್ರೆ ಬಾಯೇ ಬಿಡಲ್ಲ, ನೆಲ ನೋಡ್ತಾರೆ. ಮನೆಯ ದೊಡ್ಡೋರು ಅಂತಾರೆ ಅಷ್ಟೆ. ನಾನೂ ಬಿಡದೆ ಕೇಳ್ದೆ. ಆಮೇಲೆ ಡಾಕ್ಟ್ರೇ ಒಳಗಿಂದ ಬಂದು, ರೋವೀನಾ, ಕಾರ್ಡ್ ನೋಡಿ ಬರ್ಕೋ, ಅವ್ರ ಬಾಯಲ್ಲಿ ಹೇಳಿಸ್ಬೇಡ, ನಮ್ಮಲ್ಲಿ ಹೇಳೋ ಹಾಗಿಲ್ಲ ಅಂದ್ರು. ನಿಮ್ಮೋರ ಮರ್ಯಾದೆ ಅಂದ್ರೆ ನಂಗೆ ತುಂಬಾ ಇಷ್ಟ ಆಂಟಿ.’

ಸಾರ್ಜೆಂಟ್ ಮಬೋಜಾ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಬರೆಯುತ್ತಿರುವಾಗಲೇ ಇದನ್ನು ಓದಿ ಅವರು ಕುರ್ಚಿಯಲ್ಲಿ ನೆಟ್ಟಗಾದರು. ಆದರೆ ಈ ಕಾಗದ ಮುಂದೆ ಬೇರೆಯವರ ಕೈಗೂ ಹೋಗುವುದರಿಂದ ಬರೆಯುತ್ತೇನೆ. ನಮ್ಮ ಜನರಲ್ಲಿ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಮಾವ ಸತ್ತ ಮೇಲೂ ಹೇಳುವುದಿಲ್ಲ. ಹೆಂಡತಿಗೆ ಗಂಡನ ಹೆಸರು ಹೇಳಲು ಅಂಥ ಅಡ್ಡಿ ಇಲ್ಲ. ನನ್ನ ಯಜಮಾನರ ಹೆಸರನ್ನು ನಾನು ನಲವತ್ತೊಂದು ವರ್ಷ ಕರೆದಿದ್ದೇನೆ, ಊಟಕ್ಕೂ ಕರೆದಿದ್ದೇನೆ, ಜಗಳಕ್ಕೂ ಕರೆದಿದ್ದೇನೆ, ಬೀದಿಯ ಆ ತುದಿಗೆ ಕೇಳುವ ಹಾಗೆ ಕರೆದಿದ್ದೇನೆ. ಆ ಹೆಸರಿನ ಮುಂದೆ ಬಾಯಿ ಮುಚ್ಚಿಕೊಳ್ಳುವ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ. ಅವಳು ಯಾರೆಂದು ನನಗೆ ಆಗ ತಿಳಿಯಿತು. ಅದರ ಹಿಂದೆಯೇ ಇನ್ನೊಂದೂ ತಿಳಿಯಿತು. ಸಿವಿವೆ ಡ್ಯಾನಿ ನಮ್ಮವನೇ. ಎದುರಿಗೆ ನಿಂತವಳು ಹೆಸರು ಹೇಳದ್ದನ್ನು ನೋಡಿದ ಕ್ಷಣವೇ ಇವಳು ಹೆಂಡತಿಯಲ್ಲ, ಸೊಸೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ ಹೇಳಿಸಬೇಡ ಎಂದ. ಎಂದ ಮೇಲೆ ಅವಳ ಪಾದದ ಅಚ್ಚು ತೆಗೆದು ನನ್ನ ಹೆಸರಿನಲ್ಲಿ ಬಿಲ್ಲು ಮಾಡಿದ.

ನಾನು ಕೆಳಗಿಳಿದು ಬಂದು ಕೋಳಿ ಹೋಟೆಲಿನ ಮುಂದಿನ ಬೆಂಚಿನಲ್ಲಿ ಕುಳಿತೆ. ಎರಡು ವ್ಯಾನುಗಳನ್ನು ಬಿಟ್ಟು ಮೂರನೆಯದರಲ್ಲಿ ಮನೆಗೆ ಹೋದೆ.

ಅದೇ ದಿನ ಸಂಜೆ ಲಿಂಡೆಲ್ವಾ ಆಲೂಗಡ್ಡೆ ಸುಲಿಯುತ್ತಿದ್ದಾಗ ಶೂಗಳನ್ನು ತಂದು ಅವಳ ಮುಂದೆ ನೆಲದ ಮೇಲೆ ಇಟ್ಟೆ. ಒಳಗಿನ ಮೆತ್ತೆಗಳನ್ನು ತೆಗೆದು, ಅವುಗಳ ಮೇಲೆ ನಿಲ್ಲು ಎಂದೆ. ಅವಳು ಚಪ್ಪಲಿ ಬಿಟ್ಟು ನಿಂತಳು. ಎರಡೂ ಪಾದ ಅಚ್ಚುಕಟ್ಟಾಗಿ ಕೂತವು. ಅವಳ ಕೈಯಲ್ಲಿ ಚಾಕು ಹಾಗೆಯೇ ಇತ್ತು. ಅಳುವುದಿದ್ದರೆ ಆಮೇಲೆ ಅಳು, ಮೊದಲು ಹೇಳು ಎಂದೆ. ಅವಳು ಅಳಲಿಲ್ಲ.

ಅವಳು ಹೇಳಿದ್ದು ಹೀಗೆ. ನಾನು ಎಸೆದ ಚೀಟಿಯನ್ನು ಅವಳು ಎತ್ತಿಟ್ಟುಕೊಂಡಿದ್ದಳು. ಶೋಕ ಬಿಚ್ಚುವ ದಿನ ಹತ್ತಿರ ಬರುತ್ತಿತ್ತು. ನನ್ನ ತಂಗಿಯರ ಮುಂದೆ ಅಗ್ಗದ ಶೂ ತೊಡಿಸಲು ಅವಳಿಗೆ ಮನಸ್ಸಿರಲಿಲ್ಲ. ಫೆಬ್ರವರಿ 17, ಸೋಮವಾರ, ಕಾರ್ಡು ತೆಗೆದುಕೊಂಡು ಹೋದಳು. ಅತ್ತೆಯನ್ನೇ ಕರೆತರಬೇಕೇ ಎಂದು ಸಿವಿವೆಯನ್ನು ಕೇಳಿದಳು.

‘ಕಾರ್ಡ್ ಬಂದ್ರೆ ಅಮ್ಮ ಬಂದ ಹಾಗೇ ಅಂದ್ರು. ಅಳತೆಗೆ ನನ್ನ ಕಾಲೇ ಸಾಕು, ನಂಬರ್ ಒಂದೇ ಅಲ್ವಾ ಅಂದ್ರು. ಡಾಕ್ಟ್ರು ಅಂದಮೇಲೆ ನಾನೇನು ಹೇಳ್ಲಿ ಅಮ್ಮಾ.’

ಎಷ್ಟು ಸಲ ಹೋದೆ ಎಂದು ಕೇಳಿದೆ. ಎರಡು ಸಲ, ಎರಡನೆಯದು ಶೂ ತರುವುದಕ್ಕೆ ಎಂದಳು. ಅದನ್ನು ಮಾವನ ಫೋಟೋದ ಮುಂದೆ ನಿಂತು ಹೇಳು ಎಂದೆ. ಕೈ ಒರೆಸಿಕೊಂಡು ಹೋಗಿ, ತಲೆಗೆ ಬಟ್ಟೆ ಎಳೆದುಕೊಂಡು, ಎರಡು ಸಲ ಎಂದಳು. ನಾನು ಅದನ್ನು ನಂಬಿದ್ದೇನೆ. ಉಳಿದ ಒಂಬತ್ತು ಸಲ ಯಾವ ಪಾದವೂ ಹೋಗಿಲ್ಲ, ಬಿಲ್ಲು ಮಾತ್ರ ಹೋಗಿದೆ. ಕೂಪನ್ನು ತೆಗೆದುಕೊಂಡದ್ದು ನಿಜವೇ ಎಂದು ಕೇಳಿದೆ. ನಿಜ, ಅದರಿಂದ ಶೋಕ ಬಿಚ್ಚುವ ದಿನದ ಸಕ್ಕರೆ, ಚಹಾ, ಹಿಟ್ಟು ತಂದೆ ಎಂದಳು. ಆ ಚಹಾವನ್ನು ನಾನೂ ಕುಡಿದಿದ್ದೇನೆ. ಇದನ್ನೂ ಬರೆಯಬೇಕು.

ಕಾರ್ಡನ್ನು ನನಗೆ ಹೇಳದೆ ತೆಗೆದುಕೊಂಡು ಹೋದದ್ದು ಅವಳ ತಪ್ಪು. ಅದನ್ನು ಅವಳಿಗೆ ಹೇಳಿದ್ದೇನೆ, ಹೇಗೆ ಹೇಳಬೇಕೋ ಹಾಗೆ. ಆ ಮಾತುಗಳು ಈ ಠಾಣೆಗೆ ಸಂಬಂಧಿಸಿದ್ದಲ್ಲ.

ಮೇ 15, ಗುರುವಾರ, ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಸಂಘಕ್ಕೆ ಹೋದೆ. ಪ್ರಾರ್ಥನೆಗೆ ಹೆಂಗಸರು ಬೆಂಚಿಗೆ ಮುಖ ಮಾಡಿ ಮಂಡಿಯೂರಿದಾಗ, ಹಿಂದಿನಿಂದ ಅವರ ಶೂಗಳು ಕಾಣುತ್ತವೆ. ನಾನು ಅಂದು ಮಂಡಿಯೂರಲಾಗದೆ ಹಿಂದೆ ಕುಳಿತಿದ್ದೆ. ಅದೇ ಮೆತ್ತನೆಯ ಕಪ್ಪು ಶೂ ಏಳು ಜನರ ಕಾಲಿನಲ್ಲಿತ್ತು. ಏಳರಲ್ಲಿ ನಾಲ್ವರು ಸಕ್ಕರೆ ಕಾಯಿಲೆಯವರು. ಒಬ್ಬಳು ಏಳುವಾಗ ಬೆಂಚು ಹಿಡಿದು ಏಳುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ನಿನ್ನ ಪಾದವನ್ನು ಅಳೆದವರು ಯಾರು ಎಂದು ಕೇಳಿದೆ. ಮಗಳು ಹೋಗಿದ್ದಳು ಎಂದಳು. ಅವರ ಹೆಸರುಗಳನ್ನು ಅವರನ್ನು ಕೇಳದೆ ಇಲ್ಲಿ ಬರೆಯಲಾರೆ. ಠಾಣೆಯವರು ಗುರುವಾರ ಬಂದರೆ ನಾನೇ ಕರೆದು ನಿಲ್ಲಿಸುತ್ತೇನೆ.

ಮೇ 16, ಶುಕ್ರವಾರ, ಸಂಜೆ ಐದು ಗಂಟೆಗೆ ಸಿವಿವೆ ಡ್ಯಾನಿ ನಮ್ಮ ಮನೆಗೆ ಬಂದ. ನಾನು ಸಂಘದಲ್ಲಿ ವಿಚಾರಿಸಿದ್ದು ಅವನ ಕಿವಿಗೆ ಬಿದ್ದಿರಬೇಕು. ಕೈಯಲ್ಲಿ ಹುರಿದ ಕೋಳಿಯ ದೊಡ್ಡ ಡಬ್ಬ ಇತ್ತು. ಅದನ್ನು ಬಾಗಿಲ ಹೊರಗೇ ಇಡಿಸಿದೆ. ಪಕ್ಕದ 1149ರ ನಾಯಿ ಅದರ ಸುತ್ತ ತಿರುಗುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಅವನು ಮೊದಲು ನನ್ನ ಪಾದದ ಬಗ್ಗೆ ವಿಚಾರಿಸಿದ. ನಂತರ ಯಾರೋ ನನ್ನ ಹೆಸರು ಹೇಳಿಕೊಂಡು ಬಂದು ಚಿಕಿತ್ಸಾಲಯಕ್ಕೆ ಮೋಸ ಮಾಡಿದ್ದಾರೆ, ತಾನು ಆ ದಿನ ಒಳಗಿದ್ದೆ, ಬಂದವರ ಮುಖವನ್ನೇ ನೋಡಿಲ್ಲ, ಅಳತೆ ತೆಗೆದ ಸಹಾಯಕ ಈಗ ಕೆಲಸ ಬಿಟ್ಟಿದ್ದಾನೆ ಎಂದ. ಹನ್ನೊಂದು ಸಲದ ಲೆಕ್ಕ ಕೇಳಿದೆ. ಕಂಪ್ಯೂಟರಿನ ತಪ್ಪಿರಬಹುದು, ಸರಿಪಡಿಸೋಣ ಎಂದ. ನನ್ನ ಕಾಲನ್ನು ತಾನೇ ಜೀವನಪೂರ್ತಿ ಪುಕ್ಕಟೆಯಾಗಿ ನೋಡಿಕೊಳ್ಳುತ್ತೇನೆ ಎಂದ.

‘ನಿನ್ನ ಕೈಗೆ ನಾನು ಕತ್ತರಿಸಿ ಹಾಕಿದ ಉಗುರನ್ನೂ ಕೊಡೋದಿಲ್ಲ,’ ಎಂದೆ.

ಆಗ ಅವನ ಮಾತು ಬೇರೆಯಾಯಿತು. ಲಿಂಡೆಲ್ವಾ ಚಹಾ ತಂದಿರಲಿಲ್ಲ. ನಾನು ಬೇಡವೆಂದಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡಿ, ನನಗೆ ಹೇಳಿದ:

‘ಪೊಲೀಸರ ಹತ್ರ ಹೋದ್ರೆ ಮೊದಲು ಕೈಗೆ ಕೋಳ ಬೀಳೋದು ಯಾರಿಗೆ ಅಂತ ಯೋಚ್ನೆ ಮಾಡಿ ಅಮ್ಮಾ. ಕಾರ್ಡ್ ತಂದೋರಿಗೆ. ನಂಗಲ್ಲ.’

ಬಂದವಳ ಮುಖ ನೋಡಿಲ್ಲ ಎಂದವನು ಅವಳನ್ನು ಹೇಗೆ ಗುರುತಿಸಿದ ಎಂದು ಕೇಳಬಹುದಿತ್ತು. ನಾನು ಬೇರೆ ಪ್ರಶ್ನೆ ಕೇಳಿದೆ. ಯಾರ ಹೆಸರನ್ನು ಅವಳ ಬಾಯಲ್ಲಿ ಹೇಳಿಸಬೇಡ ಎಂದು ನೀನು ರೋವೀನಾಳಿಗೆ ಹೇಳಿದೆ, ಏಕೆ ಹೇಳಿದೆ ಎಂದೆ. ಅವನೂ ನೆಲ ನೋಡಿದ. ಎದ್ದು ಹೋದ. ಹೊರಗಿದ್ದ ಡಬ್ಬವನ್ನು ಅಷ್ಟರಲ್ಲಿ ನಾಯಿ ಮುಗಿಸಿತ್ತು.

ಮೇ 17, ಶನಿವಾರ, ಫಕಾಮಿಲೆಯನ್ನು ಕರೆಸಿ ಮನೆಯವರು ಕುಳಿತೆವು. ಮಗ ಫೋನಿನಲ್ಲಿದ್ದ. ಅವನು ಮೊದಲು ಹೆಂಡತಿಯ ಮೇಲೆ ಕೂಗಿದ. ಕೂಗುವುದಿದ್ದರೆ ಲಾರಿಯ ಹಾರನ್ನು ಇದೆ, ಅದನ್ನು ಒತ್ತು ಎಂದೆ. ಫಕಾಮಿಲೆಯ ಅಭಿಪ್ರಾಯ ಬೇರೆ ಇತ್ತು. ಅವನು ನಮ್ಮಲ್ಲಿ ಗೌರವಕ್ಕೆ ಕರೆಯುವಂತೆ ನನ್ನನ್ನು ತವರಿನ ಕುಲದ ಹೆಸರಿನಿಂದ ಮಾಭೆಲೆ ಎಂದು ಕರೆಯುತ್ತಾನೆ.

‘ಕಾರ್ಡ್ ಕಳೆದುಹೋಗಿತ್ತು ಅಂತ ಬರೆದ್ಬಿಡು ಮಾಭೆಲೆ. ಒಂದೇ ಸಾಲು. ಸೊಸೆನೂ ಉಳೀತಾಳೆ, ನಿನ್ನ ಬೆರಳೂ ಉಳಿಯುತ್ತೆ. ಯಾರು ಬಂದು ನೋಡ್ತಾರೆ?’

‘ಆ ಸಾಲು ಬರೆದ್ರೆ ಇನ್ನೊಬ್ಬನೂ ಉಳೀತಾನೆ,’ ಎಂದೆ.

ಕಾರ್ಡು ಕಳೆದುಹೋಗಿತ್ತು ಎಂದು ನಾನು ಬರೆದರೆ, ಯಾರೋ ಹೆಸರಿಲ್ಲದ ಕಳ್ಳಿ ಬಂದು ತನಗೆ ಮೋಸ ಮಾಡಿದಳು ಎಂಬ ಸಿವಿವೆಯ ಮಾತು ನಿಜವಾಗುತ್ತದೆ. ಅವನು ಬರುವ ಗುರುವಾರ ಮತ್ತೆ ಚರ್ಚಿನ ಗೇಟಿನಲ್ಲಿ ನಿಲ್ಲುತ್ತಾನೆ. ಅದಲ್ಲದೆ ನಾನು ಪ್ರಮಾಣ ಮಾಡಿ ಸುಳ್ಳು ಬರೆದವಳಾಗುತ್ತೇನೆ. ಹಾಸ್ಟೆಲಿನಲ್ಲಿ ಸುಳ್ಳು ಹೇಳಿದ ಹುಡುಗಿಯರನ್ನು ನಾನು ಹೊರಗೆ ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದೆ. ಫಕಾಮಿಲೆ, ಹಾಗಾದರೆ ಸೊಸೆಯನ್ನು ನಿನ್ನ ಕೈಯಾರೆ ಒಪ್ಪಿಸುತ್ತೀಯಾ ಎಂದು ಕೇಳಿದ. ಉತ್ತರ ಕೊಟ್ಟವಳು ಲಿಂಡೆಲ್ವಾ. ಒಂಬತ್ತು ವರ್ಷದಲ್ಲಿ ಹಿರಿಯರು ಕುಳಿತ ಕಡೆ ಅವಳು ಬಾಯಿ ತೆರೆದದ್ದು ಇದೇ ಮೊದಲು.

‘ನಾನೂ ಬರ್ತೀನಿ ಠಾಣೆಗೆ. ನಾನು ಹೋಗಿದ್ದು ನಿಜ, ಅದನ್ನೂ ಬರೀರಿ. ಆದ್ರೆ ಎರಡೇ ಸಲ ಅಂತ ಬರೀರಿ ಅಮ್ಮಾ.’

ಬರೆದಿದ್ದೇನೆ.

ಇಂದು ನಾವಿಬ್ಬರೂ ನೆರೆಯವರ ಕಾರಿನಲ್ಲಿ ಬಂದೆವು. ಶೂಗಳನ್ನೂ ಒಳಗಿನ ಮೆತ್ತೆಗಳನ್ನೂ ಒಂದು ಹಿಟ್ಟಿನ ಚೀಲದಲ್ಲಿ ಹಾಕಿ ಸಾರ್ಜೆಂಟರಿಗೆ ಒಪ್ಪಿಸಿದ್ದೇನೆ. ಅವುಗಳ ಪಕ್ಕ ನನ್ನ ಪಾದವನ್ನೂ ಲಿಂಡೆಲ್ವಾಳ ಪಾದವನ್ನೂ ಇರಿಸಿ ಫೋಟೋ ತೆಗೆಯಬೇಕೆಂದು ಕೇಳಿದ್ದೇನೆ. ನಾನು ಸದ್ಯ ನನ್ನ ಯಜಮಾನರ ಹಳೆಯ ಚಪ್ಪಲಿ ಹಾಕಿದ್ದೇನೆ. ಪಟ್ಟಿ ಕಟ್ಟಿದ ಪಾದ ಅದರಲ್ಲಿ ಹಿಡಿಸುತ್ತದೆ. ಸಿಸ್ಟರ್ ಕೊಂಡ್ಲೊ ಇಂದು ಬೆಳಿಗ್ಗೆ, ನಾವು ಇಲ್ಲಿಗೆ ಬರುವ ಮೊದಲು, ಪಟ್ಟಿ ಬದಲಿಸಿ, ಹುಣ್ಣಿನ ಸುತ್ತ ಬಣ್ಣ ಕಪ್ಪಾಗುತ್ತಿದೆ, ವಿಮೆಯವರ ಒಪ್ಪಿಗೆ ಈ ವಾರ ಬಾರದಿದ್ದರೆ ಬೆರಳನ್ನು ತೆಗೆಯಲು ಬರೆದುಕೊಡುತ್ತೇನೆ ಎಂದಿದ್ದಾರೆ. ಆದ್ದರಿಂದ ಈ ಹೇಳಿಕೆಯ ಪ್ರತಿಯನ್ನು ಇಂದೇ ವಿಮೆಯವರಿಗೆ ಕಳಿಸಿಕೊಡಬೇಕೆಂದು ಕೋರುತ್ತೇನೆ.

ಇನ್ನೊಂದು ಕೋರಿಕೆ ಇದೆ. ನಾನು ಎದ್ದ ಮೇಲೆ ಇದೇ ಕುರ್ಚಿಯಲ್ಲಿ ಲಿಂಡೆಲ್ವಾ ಕೂರುತ್ತಾಳೆ. ಈಗ ಹೊರಗಿನ ಬೆಂಚಿನಲ್ಲಿದ್ದಾಳೆ. ಅವಳು ತನ್ನ ಹೇಳಿಕೆಯನ್ನು ತಾನೇ ಕೊಡುತ್ತಾಳೆ, ನಾನು ಏನನ್ನೂ ಹೇಳಿಕೊಟ್ಟಿಲ್ಲ. ಕಾರ್ಡು ಯಾರ ಹೆಸರಿನಲ್ಲಿದೆ ಎಂದು ಸಾರ್ಜೆಂಟರು ಕೇಳಲೇಬೇಕಾಗುತ್ತದೆ. ಕೇಳಿದಾಗ ಅವಳು ನೆಲ ನೋಡುತ್ತಾಳೆ. ಎಷ್ಟು ಸಲ ಕೇಳಿದರೂ ನೆಲವನ್ನೇ ನೋಡುತ್ತಾಳೆ. ಅದನ್ನು ಉತ್ತರ ತಪ್ಪಿಸಿಕೊಂಡಳು ಎಂದು ಬರೆಯಬಾರದು. ಸಿವಿವೆ ಡ್ಯಾನಿಗೆ ಅರ್ಥವಾದದ್ದು ಠಾಣೆಗೂ ಅರ್ಥವಾಗಬೇಕು. ಆ ಹೆಸರು ಈ ಹೇಳಿಕೆಯ ಮೊದಲ ಸಾಲಿನಲ್ಲಿ, ನನ್ನ ಹೆಸರಿನ ಪಕ್ಕದಲ್ಲೇ, ನನ್ನ ಕೈಯಿಂದ ಬರೆದದ್ದು ಇದೆ. ಅಲ್ಲಿಂದ ನೋಡಿ ಬರೆದುಕೊಳ್ಳುವುದು. ಅವಳ ಬಾಯಲ್ಲಿ ಹೇಳಿಸುವುದು ಬೇಡ.

ಇಲ್ಲಿ ಬರೆದದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ನನ್ನ ಪಾದಕ್ಕೆ ಆದದ್ದು. ಯಾರ ಒತ್ತಾಯವೂ ಇಲ್ಲ. ಬರೆದ ಮೇಲೆ ಮೊದಲಿನಿಂದ ಓದಿ ನೋಡಿದ್ದೇನೆ, ಒಂದು ಮಾತನ್ನೂ ಹೊಡೆದುಹಾಕಬೇಕೆನಿಸಲಿಲ್ಲ. ದೇವರ ಮುಂದೆ ಪ್ರಮಾಣ ಮಾಡಿ ರುಜು ಹಾಕಿದ್ದೇನೆ.

ಸ್ಥಳ: ಕ್ವಾಜಾಖೆಲೆ, ಗೆಬೆರ್ಹಾ
ದಿನಾಂಕ: 19 ಮೇ 2025, ಸೋಮವಾರ

(ರುಜು) ನೊಂಬೆಕೊ ಮಕಿನಾನ

ನನ್ನ ಸಮಕ್ಷಮ: (ರುಜು) ಸಾರ್ಜೆಂಟ್ ಮಬೋಜಾ